ಹೊಸ ಫೋಟೋಗೆ ಫಿಲ್ಮಿನ ರೂಪ

ಮೊಬೈಲಿನಲ್ಲಿ ತೆಗೆದ ಫೋಟೋ ಹಳೆಯದಾಗಿ ಕಾಣಲಿ ಎಂದು ನಮ್ಮಲ್ಲಿ ಹಲವರು ಹಳದಿ ಫಿಲ್ಟರ್ ಹಾಕಿ ಸುಮ್ಮನಾಗುತ್ತಾರೆ. ಆದರೆ ಫಿಲ್ಮ್ ಫೋಟೋ ಸ್ಟುಡಿಯೋದಿಂದ ಬಂದ ದಿನವೇ ಹಳದಿಯಾಗಿರಲಿಲ್ಲ. ನಮಗೆ ಬೇಕಾದದ್ದು ಫಿಲ್ಮಿನ ಗುಣವೋ, ಮಾಸಿದ ಪ್ರಿಂಟಿನ ಬಣ್ಣವೋ ಎಂದು ಮೊದಲು ತೀರ್ಮಾನಿಸಬೇಕು.

ಕಪ್ಪು-ಬಿಳುಪು ಫೋಟೋದಲ್ಲಿ ಚಿತ್ರ ಮೂಡುವುದು ಬೆಳ್ಳಿಯ ಕಣಗಳಿಂದ. ಕಲರ್ ಪ್ರಿಂಟಿನಲ್ಲಿ ಸಯಾನ್, ಮಜೆಂಟಾ, ಹಳದಿ ಎಂಬ ಮೂರು ಬಣ್ಣಗಳಿರುತ್ತವೆ. ಹಳೆಯ ಎಷ್ಟೋ ಪ್ರಿಂಟುಗಳಲ್ಲಿ ಸಯಾನ್ ಬೇಗ ಮಾಸಿ, ಚಿತ್ರ ಕೆಂಪಾಗುತ್ತದೆ. ನಮ್ಮ ನಾನಿಯ ಆಲ್ಬಮಿನಲ್ಲಿ ನಿಕಾಹ್‌ನ ಕಲರ್ ಫೋಟೋಗಳು ಕೆಂಪಾಗಿವೆ. ಅದಕ್ಕೂ ಹಿಂದಿನ ಕಪ್ಪು-ಬಿಳುಪು ಫೋಟೋಗಳು ಇನ್ನೂ ಸ್ಪಷ್ಟವಾಗಿವೆ. ಸೆಪಿಯಾದ ಕತೆ ಇನ್ನೂ ತಮಾಷೆ. ಬೆಳ್ಳಿಯನ್ನು ಸಿಲ್ವರ್ ಸಲ್ಫೈಡ್ ಆಗಿ ಬದಲಾಯಿಸಿದರೆ ಕಂದು ಬಣ್ಣ ಬರುತ್ತದೆ, ಬಾಳಿಕೆಯೂ ಹೆಚ್ಚುತ್ತದೆ. ಹಳತಾಗದಿರಲಿ ಎಂದು ಮಾಡಿದ್ದನ್ನೇ ನಾವು ಹಳತಿನ ಗುರುತು ಎಂದುಕೊಂಡಿದ್ದೇವೆ!

ಫಿಲ್ಮಿನ ಗುಣ ಬೇಕಿದ್ದರೆ ಸ್ನ್ಯಾಪ್‌ಸೀಡ್ ಆ್ಯಪ್ ಸಾಕು, ಉಚಿತ. ಅದರಲ್ಲಿ ‘ಕರ್ವ್ಸ್’ ತೆರೆದರೆ ಓರೆಯಾದ ಗೆರೆ ಕಾಣುತ್ತದೆ. ಎಡಗಡೆಯ ಕೆಳತುದಿಯನ್ನು ಸ್ವಲ್ಪವೇ ಮೇಲೆತ್ತಿದರೆ ಗಾಢ ಕಪ್ಪು ಬೂದುಬಣ್ಣಕ್ಕೆ ತಿರುಗುತ್ತದೆ. ಬಲಗಡೆಯ ಮೇಲ್ತುದಿಯನ್ನು ಸ್ವಲ್ಪ ಇಳಿಸಿದರೆ ಕಣ್ಣಿಗೆ ಹೊಡೆಯುವ ಬಿಳುಪು ಮೆತ್ತಗಾಗುತ್ತದೆ. ಆದರೆ ತೆಗೆಯುವಾಗಲೇ ಆಕಾಶ ಪೂರ್ತಿ ಬೆಳ್ಳಗಾಗಿದ್ದರೆ ಹೋದ ಮೋಡ ಯಾವ ಎಡಿಟಿಂಗ್‌ನಿಂದಲೂ ಮರಳಿ ಬಾರದು. ಕಲರ್ ನೆಗೆಟಿವ್ ಫಿಲ್ಮು ಹೆಚ್ಚು ಬೆಳಕನ್ನು ತಾಳಿಕೊಳ್ಳುತ್ತಿತ್ತು, ಮೊಬೈಲ್ ತಾಳದು. ಆದ್ದರಿಂದ ತೆಗೆಯುವಾಗ ಬೆಳಕು ಸ್ವಲ್ಪ ಕಡಿಮೆಯೇ ಇರಲಿ.

ಗ್ರೇನ್, ಅಂದರೆ ತರಿತರಿ ಕಣಗಳನ್ನು, ಕೊನೆಗೆ ಸೇರಿಸಬೇಕು. ಮೊದಲೇ ಸೇರಿಸಿ ಆಮೇಲೆ ಫೋಟೋ ಚಿಕ್ಕದು ಮಾಡಿದರೆ ಕಣಗಳು ಕರಗಿಹೋಗುತ್ತವೆ. ಮುಖದ ಮೇಲೆ ಮರಳು ಎರಚಿದಂತೆ ಕಂಡರೆ ಅರ್ಧಕ್ಕೆ ಇಳಿಸಿ.

ಒಂದನ್ನು ಮಾತ್ರ ನಾನು ಒಪ್ಪುವುದಿಲ್ಲ: ಮೂಲೆಯಲ್ಲಿ ಕಿತ್ತಳೆ ಅಕ್ಷರದಲ್ಲಿ 1992ರ ಸುಳ್ಳು ತಾರೀಖು ಹಾಕುವುದು. ಬಣ್ಣ ಬದಲಾಯಿಸುವುದು ಅಲಂಕಾರ. ಇದು ಲೆಕ್ಕದ ಪುಸ್ತಕದಲ್ಲಿ ಹಿಂದಿನ ದಿನಾಂಕ ಬರೆದಂತೆ. ವಾರ್ಷಿಕೋತ್ಸವದ ಫೋಟೋಗಳಿಗಂತೂ ನಿಜವಾದ ದಿನಾಂಕವೇ ಇರಬೇಕು. ಇಪ್ಪತ್ತು ವರ್ಷದ ನಂತರ ನೋಡುವವರಿಗೆ ಯಾವ ಬ್ಯಾಚ್ ಎಂದು ಹೇಳಲು ನಾವಾರೂ ಇಲ್ಲಿರುವುದಿಲ್ಲ. ಎಡಿಟ್ ಮಾಡಿದ್ದನ್ನು ಬೇರೆ ಪ್ರತಿಯಾಗಿ ಉಳಿಸಿ, ಮೂಲ ಫೋಟೋವನ್ನು ದಿನಾಂಕದ ಹೆಸರಿನ ಫೋಲ್ಡರಿನಲ್ಲಿ ಹಾಗೆಯೇ ಇಡಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳುಹಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳುಹಿಸಿ.