ಆಡಳಿತ ಮಂಡಲಿಯ ಅಧ್ಯಕ್ಷತೆ: ಒಂದು ಅಂತರ್ಜಾಲ ಸಂಘದ ವೃತ್ತಾಂತ

ಯಶವಂತಪುರದಿಂದ ತುಮಕೂರಿಗೆ ಹೋಗುವ ರೈಲುದಾರಿಯಲ್ಲಿ ಚಿಕ್ಕಬಾಣಾವರವನ್ನು ದಾಟಿದ ಬಳಿಕ ಸೋಲದೇವನಹಳ್ಳಿಯ ನಿಲ್ದಾಣವು ಸಿಗುವುದು. ಈ ಹಳ್ಳಿಯ ಸುತ್ತಲೂ ಈಗ ಕಾಲೇಜುಗಳೂ ವಿದ್ಯಾರ್ಥಿನಿಲಯಗಳೂ ತುಂಬಿಕೊಂಡಿವೆ. ಅಲ್ಲಿ ವಾಸವಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ವರ್ಷ ನನ್ನಲ್ಲಿಗೆ ಬಂದು, ಅಂತರ್ಜಾಲದಲ್ಲಿ ಕನ್ನಡವನ್ನು ಬರೆಯಲು ಜನರಿಗೆ ಕಲಿಸುವ ಒಂದು ಚಿಕ್ಕ ಸಂಘದವರು ತನ್ನನ್ನು ಅಧ್ಯಕ್ಷಳನ್ನಾಗಿ ಆರಿಸಿರುವರೆಂದು ತಿಳಿಸಿದಳು. "ಟೀಚರ್, ಭಾಷಣ ಮಾಡುವುದನ್ನು ಶಾಲೆಯಲ್ಲೇ ಕಲಿಸಿಬಿಟ್ಟಿರಿ. ಇನ್ನೇನು ಕಲಿಯಬೇಕು?" ಎಂದು ನಗುತ್ತಾ ಕೇಳಿದಳು. ಅವಳಿಗೆ ಆ ದಿನ ಹೇಳಿದ್ದನ್ನೇ ಕೊಂಚ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ. ನಮ್ಮ ಶಾಲೆಯಿಂದ ಹೊರಟವರಲ್ಲಿ ಅನೇಕರು ಸ್ತ್ರೀಯರ ಕೂಟ, ಸಹಕಾರ ಸಂಘ, ಆಸ್ಪತ್ರೆಯ ಸಮಿತಿ ಮೊದಲಾದವುಗಳಲ್ಲಿ ಕುಳಿತಿರುವುದರಿಂದ ಅವರಿಗೂ ಇದು ಉಪಯೋಗವಾದೀತು.

ಅಂತರ್ಜಾಲವು ಯಾವನೊಬ್ಬ ಅರಸನ ಸ್ವತ್ತಲ್ಲ. ಅದರ ಹಿತವನ್ನು ನೋಡಿಕೊಳ್ಳಲು ಅಮೇರಿಕದಲ್ಲಿ 1992ನೆಯ ಇಸವಿಯಲ್ಲಿ ಒಂದು ಸಂಘವು ಹುಟ್ಟಿತು. ನ್ಯೂಜಿಲೆಂಡಿನಂಥ ಪುಟ್ಟ ದೇಶದವರೂ 1995ರಲ್ಲಿ ತಮ್ಮದೇ ಆದ ಸಂಘವನ್ನು ಕಟ್ಟಿಕೊಂಡರು. ಇವುಗಳನ್ನು ನಡೆಸುವುದು ಒಂದೊಂದು ಆಡಳಿತ ಮಂಡಲಿ. ಆದರೆ ದೂರದ ಸಂಗತಿಯೇಕೆ? ಅಖಿಲ ಭಾರತದ ಹೆಸರನ್ನು ಹೊತ್ತ ಇಂಥದೊಂದು ಸಂಘವು ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿ, ಎಂಟು ವರ್ಷಗಳ ಮೇಲೆ ತನ್ನ ಸ್ಥಾನವನ್ನು ಕಳೆದುಕೊಂಡಿತು. ಅದರ ಹೆಸರು ವಿಕಿಮೀಡಿಯಾ ಇಂಡಿಯಾ.

ವಿಕಿಪೀಡಿಯವೆಂಬುದು ಯಾರು ಬೇಕಾದರೂ ಬರೆದು ತಿದ್ದಬಹುದಾದ ವಿಶ್ವಕೋಶವೆಂದು ನಿಮ್ಮ ಮಕ್ಕಳು ಬಲ್ಲರು. ಕನ್ನಡದ ವಿಕಿಪೀಡಿಯವು 2003ರಲ್ಲಿ ಆರಂಭವಾಯಿತು. ಇದರ ಯಂತ್ರಗಳನ್ನೂ ಹೆಸರನ್ನೂ ಕಾಯುವುದು ಸ್ಯಾನ್ ಫ್ರಾನ್ಸಿಸ್ಕೋ ನಗರದ ವಿಕಿಮೀಡಿಯಾ ಫೌಂಡೇಶನ್ ಎಂಬ ಧರ್ಮಸಂಸ್ಥೆ. ಭಾರತದ ಬರಹಗಾರರು ತಮಗೂ ಒಂದು ಸಂಘವಿರಬೇಕೆಂದು ಯೋಚಿಸಿ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಮೇರೆಗೆ 2011ನೆಯ ಇಸವಿಯ ಜನವರಿಯಲ್ಲಿ ಬೆಂಗಳೂರಿನಲ್ಲಿ ಅದನ್ನು ನೋಂದಾಯಿಸಿದರು. ಅದರ ಮೊದಲ ಅಧ್ಯಕ್ಷರಾದ ಅರ್ಜುನ ರಾವ್ ಚಾವಲ ಎಂಬವರು ತೆಲುಗು ವಿಕಿಪೀಡಿಯದ ಬರಹಗಾರರು. ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಮುಂಬಯಿಯ ವಿಶ್ವವಿದ್ಯಾನಿಲಯದಲ್ಲಿ ಭಾರತದ ವಿಕಿ ಬರಹಗಾರರ ಮೊದಲ ಸಮ್ಮೇಳನವು ನಡೆಯಿತು. ಹತ್ತಾರು ಭಾಷೆಗಳವರು ಒಂದೇ ಚಪ್ಪರದಡಿ ಸೇರಿದ್ದು ಸಾಮಾನ್ಯ ಸಂಗತಿಯಲ್ಲ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಮೇಲೆ ಹೇಳಿದ ಕಾಯಿದೆಯ ಪ್ರಕಾರ ಸಂಘವನ್ನು ಕಟ್ಟಲು ಕಡಿಮೆಯೆಂದರೆ ಏಳು ಜನ ಬೇಕು. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವನ್ನು ಓದಿದವರಿಗೆ ಅಲ್ಲಿಯೂ ಏಳು ಜನರೇ ಇರುವುದು ತಿಳಿದಿದೆ. ಜಗಳವು ಭಾಷೆಯದೇ ಆಗಿತ್ತು: ದಿನದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಬಿಟ್ಟುಬಿಡುತ್ತಾರೆಂದು ಗ್ರೀಕ್ ಮಾತಾಡುವವರು ಇಬ್ರಿಯ ಮಾತಿನವರ ಮೇಲೆ ಗೊಣಗಿದರು. ಅಪೊಸ್ತಲರು ಅದಕ್ಕೆ ಪ್ರಸಂಗದಿಂದ ಉತ್ತರಕೊಡದೆ, ಲೆಕ್ಕವಿಟ್ಟು ಬಡಿಸಬಲ್ಲವರನ್ನು ಆರಿಸಿ ನೇಮಿಸಿದರು. ಬಹುಭಾಷೆಗಳ ಸಂಘಕ್ಕೆ ಅಧ್ಯಕ್ಷರಾಗುವವರ ಮೊದಲ ಕೆಲಸವೂ ಇದೇ. ಯಾರ ತಟ್ಟೆ ಬರಿದಾಗಿದೆಯೆಂದು ನೋಡಬೇಕು.

ಅಧ್ಯಕ್ಷರಿಗೆ ಅಧಿಕಾರ ಬಹಳ ಉಂಟೆಂದು ಹೊರಗಿನವರು ಭಾವಿಸುವರು. ವಿಕಿಮೀಡಿಯಾ ಇಂಡಿಯಾದಂಥ ಸಂಘದಲ್ಲಂತೂ ಅದು ಬಹಳ ಸ್ವಲ್ಪ. ವಿಶ್ವಕೋಶದಲ್ಲಿ ಏನು ಬರೆಯಬೇಕೆಂದು ಸಂಘವು ಆಜ್ಞಾಪಿಸುವ ಹಾಗಿಲ್ಲ. ಬರೆಯುವವರು ಸಂಬಳವಿಲ್ಲದವರು, ಬೇಸರವಾದರೆ ಎದ್ದು ಹೋಗುವವರು. ಹೀಗಿರುವಲ್ಲಿ ಅಧ್ಯಕ್ಷರ ಕೈಯಲ್ಲಿ ಉಳಿಯುವುದೇನು? ಸಭೆಯ ತಿಳಿವಳಿಕೆ ಪತ್ರವು ಕಾಲಕ್ಕೆ ಸರಿಯಾಗಿ ಹೋಗುವಂತೆ ನೋಡುವುದು, ಮಾತಾಡುವವನನ್ನು ತಡೆದು ಮಾತಾಡದವಳನ್ನು ಕೇಳುವುದು, ನಡವಳಿ ಪುಸ್ತಕವನ್ನು ಮುಂದಿನ ಸಭೆಯಲ್ಲಿ ಓದಿಸಿ ರುಜು ಹಾಕುವುದು. ಎಲ್ಲಕ್ಕೂ ಮಿಗಿಲಾಗಿ ಲೆಕ್ಕ. ವಾರ್ಷಿಕ ಮಹಾಸಭೆಯಾದ 14 ದಿನಗಳೊಳಗೆ ಮಂಡಲಿಯವರ ಪಟ್ಟಿಯನ್ನೂ ಪರಿಶೋಧನೆಯಾದ ಅಢಾವೆ ಪತ್ರಿಕೆಯನ್ನೂ ರಿಜಿಸ್ಟ್ರಾರರಿಗೆ ಸಲ್ಲಿಸಬೇಕೆಂದು ನಮ್ಮ ಕಾಯಿದೆ ವಿಧಿಸಿದೆ. ಬರೆಯುವುದು ಕಾರ್ಯದರ್ಶಿಯ ಕೆಲಸ, ಕೂಡಿಸುವುದು ಖಜಾಂಚಿಯ ಕೆಲಸ, ನಿಜ. ಆದರೆ ಅವರಿಬ್ಬರೂ ಮರೆತರೆ ಕೇಳಬೇಕಾದವರು ಅಧ್ಯಕ್ಷರಲ್ಲದೆ ಮತ್ತಾರು?

ವಿಕಿಮೀಡಿಯಾ ಇಂಡಿಯಾಕ್ಕೆ ಈ ಭಾರವು ಇಮ್ಮಡಿಯಾಗಿತ್ತು. ಬೆಂಗಳೂರಿನ ರಿಜಿಸ್ಟ್ರಾರರಿಗಲ್ಲದೆ ಸ್ಯಾನ್ ಫ್ರಾನ್ಸಿಸ್ಕೋದ ಸಂಸ್ಥೆಗೂ ವರ್ಷವರ್ಷವೂ ಕಾರ್ಯದ ವರದಿಯನ್ನೂ ಹಣದ ವರದಿಯನ್ನೂ ಕೊಡಬೇಕಾಗಿತ್ತು. ಹೆಸರನ್ನು ಬಳಸಲು ಮಾಡಿಕೊಂಡ ಒಪ್ಪಂದವು ಹಾಗಿತ್ತು. 2015ರ ವೇಳೆಗೆ ಈ ಕರಾರುಗಳನ್ನು ನಡೆಸಲು ಸಂಘಕ್ಕೆ ಕಷ್ಟವಾಯಿತು. ಆಗ ಅವರು ಕೈಬಿಡಲಿಲ್ಲ. ತಪ್ಪಿದ್ದನ್ನು ಸರಿಪಡಿಸಿಕೊಂಡು 2017ರ ಹೊತ್ತಿಗೆ ಮರಳಿ ಒಳ್ಳೆಯ ಸ್ಥಿತಿಗೆ ಬಂದರು. ಇದನ್ನು ನಾನು ಬಹಳ ಮೆಚ್ಚುತ್ತೇನೆ. ಹೊಸದನ್ನು ಆರಂಭಿಸುವವರಿಗೆ ಹಾರ ಸಿಕ್ಕುತ್ತದೆ. ಹಳೆಯ ವರದಿಗಳನ್ನು ರಾತ್ರಿ ಕುಳಿತು ಮುಗಿಸುವವರಿಗೆ ಕಣ್ಣುರಿಯೊಂದೇ. ಆದರೂ ಹೊರದೇಶದ ಹಣವನ್ನು ಪಡೆಯಲು ಸರಕಾರದಿಂದ ಬೇಕಾದ ನೋಂದಣಿಯು ಆಮೇಲಿನ ಎರಡು ವರ್ಷಗಳಲ್ಲಿ ದೊರೆಯಲಿಲ್ಲ. 2019ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಫೌಂಡೇಶನ್ನಿನವರು ಸಂಘಕ್ಕೆ ಕೊಟ್ಟಿದ್ದ ಮನ್ನಣೆಯನ್ನು ಕೊನೆಗೊಳಿಸಿದರು.

ಮಿಶನ್ ಸಂಸ್ಥೆಗಳ ನೆರಳಿನಲ್ಲಿ ಬೆಳೆದವರಿಗೆ ಈ ಕಾಯಿದೆಯು ಹೊಸದೇನೂ ಅಲ್ಲ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯ ಮೇರೆಗೆ ನೋಂದಣಿಯನ್ನು ಬಯಸುವ ಸಂಘವು ಮೂರು ವರ್ಷ ಬಾಳಿರಬೇಕು. ಆ ಮೂರು ವರ್ಷಗಳಲ್ಲಿ ತನ್ನ ಉದ್ದೇಶಗಳಿಗಾಗಿ ಹತ್ತು ಲಕ್ಷ ರೂಪಾಯಿಗಳನ್ನಾದರೂ ವೆಚ್ಚ ಮಾಡಿರಬೇಕೆಂಬ ನಿಯಮವಿತ್ತು. 2020ರಲ್ಲಿ ಇದನ್ನು ಹದಿನೈದು ಲಕ್ಷಕ್ಕೆ ಏರಿಸಲಾಯಿತು. ಅಂದರೆ ಸಮುದ್ರದಾಚೆಯ ಹಣವನ್ನು ಮುಟ್ಟುವ ಮೊದಲು ಸಂಘವು ಬಹುಮಟ್ಟಿಗೆ ಊರಿನ ಹಣದಿಂದಲೇ ಬೆಳೆದಿರಬೇಕು. ನಮ್ಮ ಅಜ್ಜಿಯರು ಅಡಿಗೆಗೆ ಅಕ್ಕಿಯನ್ನು ಅಳೆಯುವಾಗ ದೇವರ ಕೆಲಸಕ್ಕೆಂದು ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕುತ್ತಿದ್ದುದನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂತರ್ಜಾಲದ ಸಂಘಗಳಲ್ಲಿ ಆ ಹಿಡಿಯಕ್ಕಿಯ ಪಾತ್ರೆಯನ್ನು ಇಡುವುದೇ ಕಷ್ಟ. ಬರೆಯುವವರು ತಮ್ಮ ಹೊತ್ತನ್ನು ಧಾರಾಳವಾಗಿ ಕೊಡುವರು. ವರ್ಷದ ಚಂದಾ ಕೇಳಿದರೆ ತಲೆತಗ್ಗಿಸುವರು.

ಮನ್ನಣೆಯು ಹೋದುದರಿಂದ ಕನ್ನಡ ವಿಕಿಪೀಡಿಯವು ನಿಂತುಹೋಗಲಿಲ್ಲವೆಂಬುದನ್ನೂ ಹೇಳಬೇಕು. ಅದರಲ್ಲಿ ಈಗ ಮೂವತ್ತು ಸಾವಿರಕ್ಕೂ ಮಿಕ್ಕಿದ ಲೇಖನಗಳಿವೆ. 2016ರ ಆಗಸ್ಟಿನಲ್ಲಿ ತುಳು ಭಾಷೆಗೂ ಒಂದು ವಿಕಿಪೀಡಿಯ ಬಂದಿತು. ಕರಾವಳಿಯವರು ತಮ್ಮದೇ ಗುಂಪನ್ನು ಕಟ್ಟಿಕೊಂಡು ದುಡಿಯುತ್ತಿದ್ದಾರೆ. ಹೋದದ್ದು ಬೇರೆ: ಇಡೀ ದೇಶದ ಬರಹಗಾರರ ಪರವಾಗಿ ಒಂದು ಮೇಜಿನ ಸುತ್ತ ಕುಳಿತು ಮಾತಾಡಬಲ್ಲ, ಮತದಿಂದ ಆರಿಸಲ್ಪಟ್ಟ ಮಂಡಲಿ. ಅದನ್ನು ಮತ್ತೆ ಕಟ್ಟುವುದು ಲೇಖನ ಬರೆಯುವಷ್ಟು ಸುಲಭವಲ್ಲ.

ಇಷ್ಟನ್ನು ಕೇಳಿ ನಮ್ಮ ಹುಡುಗಿಯ ಮುಖವು ಬಾಡಿತು. (ಅವಳಿಗೆ ನಲವತ್ತು ದಾಟಿದೆ, ನನಗೆ ಈಗಲೂ ಹುಡುಗಿಯೇ.) "ಹಾಗಾದರೆ ಮೊದಲು ಏನು ಮಾಡಲಿ, ಟೀಚರ್?" ಎಂದಳು. ಕಳೆದ ಮೂರು ವರ್ಷಗಳ ಅಢಾವೆ ಪತ್ರಿಕೆಗಳು ಎಲ್ಲಿವೆಯೆಂದು ಕೇಳಿ ಬಾ, ಎಂದೆ. ಹದಿನೈದು ದಿನಗಳ ಮೇಲೆ ಮತ್ತೆ ಬಂದಳು. ಹಿಂದಿನ ಕಾರ್ಯದರ್ಶಿಯವರ ಮನೆಯ ಅಟ್ಟದಲ್ಲಿ ಒಂದು ಟ್ರಂಕಿನೊಳಗೆ ಎರಡು ವರ್ಷದವು ದೊರೆತುವಂತೆ. ಮೂರನೆಯ ವರ್ಷದ್ದು ಇರಲಿಲ್ಲ. ಆ ವರ್ಷ ಮಹಾಸಭೆಯೇ ಕೂಡಿರಲಿಲ್ಲ. ಅವಳು ರಸೀದಿಗಳನ್ನು ಒಂದು ಚೀಲದಲ್ಲಿ ತುಂಬಿ ತಂದಿದ್ದಳು. ನಾವಿಬ್ಬರೂ ಊಟದ ಮೇಜನ್ನು ಒರಸಿ, ಅವುಗಳನ್ನು ತಿಂಗಳ ಪ್ರಕಾರ ಜೋಡಿಸಲು ಕುಳಿತೆವು.