ಉಯಿಲು ಅಮ್ಮನ ಬೀರುವಿನಲ್ಲೇ ಉಳಿದರೆ ಮಕ್ಕಳಿಗೇನು ದಾರಿ?

ತಂದೆ ತೀರಿಕೊಂಡಿದ್ದಾರೆ. ಉಯಿಲು ಬರೆದಿಟ್ಟಿದ್ದರೆಂದು ಮನೆಯವರಿಗೆಲ್ಲ ಗೊತ್ತು. ಆದರೆ ಅದು ತಾಯಿಯ ಅಥವಾ ಮಲತಾಯಿಯ ಬೀರುವಿನಿಂದ ಹೊರಗೆ ಬರುತ್ತಿಲ್ಲ. ಕೇಳಿದರೆ ‘ವರ್ಷಾಂತಿಕ ಮುಗಿಯಲಿ’ ಎನ್ನುತ್ತಾರೆ, ಅದು ಮುಗಿದ ಮೇಲೆ ‘ತಂಗಿಯ ಮದುವೆ ಆಗಲಿ’ ಎನ್ನುತ್ತಾರೆ. ಜಮೀನು, ಠೇವಣಿ ಎಲ್ಲವೂ ಸತ್ತವರ ಹೆಸರಿನಲ್ಲೇ ಉಳಿದಿವೆ. ತಾಯಿ ಹೋಗಿ ತಂದೆ ಹೀಗೆ ಮಾಡುವ ಮನೆಗಳೂ ಇವೆ. ಹೆತ್ತವರ ವಿರುದ್ಧ ಕೋರ್ಟಿಗೆ ಹೋಗುವುದೆಂತು ಎಂಬ ಸಂಕೋಚ ಮಕ್ಕಳಿಗೆ. ಅದರ ಜೊತೆಗೆ, ಅವರು ಮುಂದಾಗದೆ ನಾವೇನೂ ಮಾಡುವಂತಿಲ್ಲ ಎಂಬ ನಂಬಿಕೆ. ಸಂಕೋಚ ಅರ್ಥವಾಗುವಂಥದ್ದು, ನಂಬಿಕೆ ಮಾತ್ರ ತಪ್ಪು.

ಉಯಿಲು ಸಾಚಾ ಎಂದು ನ್ಯಾಯಾಲಯ ಒಪ್ಪಿ ಕೊಡುವ ಪ್ರಮಾಣವೇ ಪ್ರೊಬೇಟ್. ಕರ್ನಾಟಕದಲ್ಲಿರುವ ಆಸ್ತಿಯ ಬಗ್ಗೆ ಇಲ್ಲಿನ ಹಿಂದೂಗಳು ಬರೆದ ಉಯಿಲಿಗೆ ಅದು ಕಡ್ಡಾಯವಲ್ಲ. ಉಯಿಲಿನ ಆಧಾರದ ಮೇಲೆ ನೇರವಾಗಿ ಖಾತೆ ಬದಲಾವಣೆಗೆ ಅರ್ಜಿ ಹಾಕಬಹುದು. ತಕರಾರು ಎದ್ದಾಗ, ಅಥವಾ ಬ್ಯಾಂಕು ಪಟ್ಟು ಹಿಡಿದಾಗ ಪ್ರೊಬೇಟ್ ನೆರವಿಗೆ ಬರುತ್ತದೆ.

ಉಯಿಲು ನೋಂದಣಿಯಾಗಿದ್ದರೆ ಬೀರುವಿನ ಕೀಲಿಗಾಗಿ ಕಾಯಬೇಕಿಲ್ಲ. ಬರೆದವರು ಬದುಕಿರುವವರೆಗೆ ಅದರ ನಕಲು ಬೇರೆಯವರಿಗೆ ಸಿಗುವುದಿಲ್ಲ. ಸತ್ತ ಮೇಲೆ ಅರ್ಜಿ ಕೊಟ್ಟ ಯಾರಿಗಾದರೂ ಸಬ್ ರಿಜಿಸ್ಟ್ರಾರ್ ಕಚೇರಿ ದೃಢೀಕೃತ ನಕಲು ಕೊಡಬೇಕು. ನೋಂದಣಿ ಕಾಯ್ದೆಯ 57ನೇ ಕಲಂ ಹೇಳುವುದು ಇದನ್ನೇ. ನೋಂದಣಿಯಾಗದ ಉಯಿಲಾದರೆ, ಅದನ್ನು ಹಾಜರುಪಡಿಸುವಂತೆ ಇಟ್ಟುಕೊಂಡವರಿಗೆ ಆದೇಶಿಸುವ ಅಧಿಕಾರ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 267ನೇ ಕಲಂ ಪ್ರಕಾರ ಜಿಲ್ಲಾ ನ್ಯಾಯಾಧೀಶರಿಗಿದೆ. ಮೋಸದ ಉದ್ದೇಶದಿಂದ ಉಯಿಲನ್ನು ಬಚ್ಚಿಡುವುದು, ಹರಿದುಹಾಕುವುದು ಶಿಕ್ಷಾರ್ಹ ಅಪರಾಧ.

ತೊಡಕಾಗುವುದು ಉಯಿಲಿನಲ್ಲಿ ಬದುಕುಳಿದ ಸಂಗಾತಿಯನ್ನೇ ಎಕ್ಸಿಕ್ಯೂಟರ್, ಅಂದರೆ ಉಯಿಲನ್ನು ಜಾರಿಗೊಳಿಸುವವರು, ಎಂದು ಹೆಸರಿಸಿದ್ದಾಗ. ಪ್ರೊಬೇಟ್ ಸಿಗುವುದು ಎಕ್ಸಿಕ್ಯೂಟರ್‌ಗೆ ಮಾತ್ರ. ಅವರು ಕೈಕಟ್ಟಿ ಕೂತರೆ ವಾರಸುದಾರರು ನ್ಯಾಯಾಲಯಕ್ಕೆ ಹೋಗಿ, ‘ಹೊಣೆ ಒಪ್ಪುತ್ತೀರಾ, ಬಿಡುತ್ತೀರಾ’ ಎಂದು ಅವರಿಗೆ ನೋಟಿಸ್ ಕೊಡಿಸಬಹುದು. ಕೊಟ್ಟ ಗಡುವಿನೊಳಗೆ ಒಪ್ಪದಿದ್ದರೆ, ಉಯಿಲಿನ ಪ್ರತಿ ಲಗತ್ತಿಸಿದ ಆಡಳಿತ ಪತ್ರವನ್ನು ವಾರಸುದಾರರಿಗೇ ಕೊಡಲು ಅದೇ ಉತ್ತರಾಧಿಕಾರ ಕಾಯ್ದೆಯ 229 ಮತ್ತು 231ನೇ ಕಲಂಗಳಲ್ಲಿ ಅವಕಾಶವಿದೆ. ಪ್ರೊಬೇಟ್ ಪಡೆದ ಮೇಲೂ ಎಕ್ಸಿಕ್ಯೂಟರ್ ಸುಮ್ಮನೆ ಕೂರುವಂತಿಲ್ಲ. 6 ತಿಂಗಳೊಳಗೆ ಆಸ್ತಿಪಟ್ಟಿಯನ್ನೂ ಒಂದು ವರ್ಷದೊಳಗೆ ಲೆಕ್ಕಪತ್ರವನ್ನೂ ಕೋರ್ಟಿಗೆ ಒಪ್ಪಿಸಬೇಕು. ಬೇಕೆಂದೇ ತಪ್ಪಿಸಿದರೆ ಪ್ರೊಬೇಟನ್ನೇ ರದ್ದುಪಡಿಸಲು ಕೇಳಬಹುದು.

ಉಯಿಲೇ ಇಲ್ಲದಿದ್ದರೆ? ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಗಂಡನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಸತ್ತವರ ತಾಯಿ ಬದುಕಿದ್ದರೆ ಆಕೆ, ಎಲ್ಲರಿಗೂ ಸಮಪಾಲು. ಹೆಂಡತಿಯ ಆಸ್ತಿ ಗಂಡನಿಗೂ ಮಕ್ಕಳಿಗೂ ಸಮನಾಗಿ ಸೇರುತ್ತದೆ. ಮುಸ್ಲಿಮರ, ಕ್ರೈಸ್ತರ ಪಾಲುಗಳ ಲೆಕ್ಕ ಬೇರೆ. ಜಮೀನಿನ ಪೌತಿ ಖಾತೆಗೆ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ಯಾವ ವಾರಸುದಾರರಾದರೂ ನಾಡಕಚೇರಿಗೆ ಹೋಗಬಹುದು. ಉತ್ತರಾಧಿಕಾರದಿಂದ ಹಕ್ಕು ಬಂದ 3 ತಿಂಗಳೊಳಗೆ ವರದಿ ಮಾಡಬೇಕೆಂಬುದು ಭೂಕಂದಾಯ ಕಾಯ್ದೆಯ ನಿಯಮ. ವಂಶವೃಕ್ಷದಲ್ಲಿ ಮದುವೆಯಾದ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿಲ್ಲವೇ ನೋಡಿ, ಬಿಟ್ಟಿದ್ದರೆ ಅಲ್ಲೇ ತಕರಾರು ಕೊಡಿ. ಪಹಣಿಯಲ್ಲಿ ತಾಯಿಯೊಬ್ಬರ ಹೆಸರು ಬಂದ ಮಾತ್ರಕ್ಕೆ ಉಳಿದವರ ಪಾಲು ಹೋಗುವುದಿಲ್ಲ. ಬ್ಯಾಂಕಿನ ನಾಮಿನಿಯೂ ಹಾಗೆಯೇ. ಹಣ ಪಡೆಯುವವರು ಅವರು, ಹಕ್ಕು ವಾರಸುದಾರರೆಲ್ಲರದು. ನಾಮಿನಿಯೇ ಇಲ್ಲದಿದ್ದರೆ ಉತ್ತರಾಧಿಕಾರ ಪ್ರಮಾಣಪತ್ರಕ್ಕೆ ಒಬ್ಬರೇ ಅರ್ಜಿ ಹಾಕಬಹುದು, ಉಳಿದವರಿಗೆ ಕೋರ್ಟು ನೋಟಿಸ್ ಕೊಡುತ್ತದೆ.

ಆಸ್ತಿ ಮಾರುವ ಸುಳಿವು ಸಿಕ್ಕರೆ ಋಣಭಾರ ಪತ್ರ ತೆಗೆಸಿ ನೋಡಿ. ಪಾಲು ವಿಭಾಗದ ದಾವೆಯ ಜೊತೆಗೇ ತಡೆಯಾಜ್ಞೆ ಕೇಳಿ. ದಾವೆ ನಡೆಯುತ್ತಿರುವಾಗ ಕೊಂಡವರು ತೀರ್ಪಿಗೆ ಬದ್ಧರಾಗಿರಬೇಕಾಗುತ್ತದೆ.

ಕಾಯುವುದರಿಂದ ಆಗುವ ದೊಡ್ಡ ನಷ್ಟ ಸಾಕ್ಷಿಗಳದು. ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿ ಹಾಕಿರಬೇಕು, ಅವರಲ್ಲಿ ಒಬ್ಬರಾದರೂ ಕೋರ್ಟಿನಲ್ಲಿ ನುಡಿಯಬೇಕು. ಸಾಕ್ಷಿ ಹಾಕಿದವರು ಸಾಮಾನ್ಯವಾಗಿ ತಂದೆಯ ವಯಸ್ಸಿನ ಗೆಳೆಯರು. ಅವರೂ ಹೋದರೆ ಕೈಬರಹ, ಸಹಿಗಳನ್ನು ಗುರುತಿಸುವವರನ್ನು ಹುಡುಕಿಕೊಂಡು ಅಲೆಯಬೇಕು. ಪ್ರೊಬೇಟ್ ಅರ್ಜಿಗೆ 3 ವರ್ಷದ ಕಾಲಮಿತಿ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಆ ಲೆಕ್ಕ ಸಾವಿನ ದಿನದಿಂದಲೇ ಶುರುವಾಗಬೇಕೆಂದಿಲ್ಲ, ಅರ್ಜಿ ಹಾಕುವ ಹಕ್ಕು ಹುಟ್ಟಿದ ದಿನದಿಂದ ಶುರುವಾಗುತ್ತದೆ. ಆದರೂ ತಡವಾಗಿ ಹೊರಬಂದ ಉಯಿಲನ್ನು ನ್ಯಾಯಾಲಯ ಅನುಮಾನದಿಂದಲೇ ನೋಡುತ್ತದೆ.

ಇನ್ನು ಆ ತಾಯಿಯ ವಿಚಾರ. ಹಲವು ಸಲ ಕಾಗದ ಬಚ್ಚಿಡುವುದು ದುರಾಸೆಯಿಂದಲ್ಲ. ಪಾಲಾದ ಮರುದಿನ ತನ್ನನ್ನು ಮನೆಯಿಂದ ಹೊರಗೆ ಹಾಕಿಯಾರು ಎಂಬ ಭಯ ಅದು, ಮತ್ತು ಆ ಭಯಕ್ಕೆ ಕಾರಣಗಳನ್ನು ನಮ್ಮ ಊರುಗಳಲ್ಲಿ ಆಕೆ ಕಣ್ಣಾರೆ ಕಂಡಿರುತ್ತಾಳೆ. ಲೀಗಲ್ ನೋಟಿಸ್ ಕಳಿಸುವ ಮೊದಲು, ಆಕೆ ಕೊನೆಯವರೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕನ್ನೂ ತಿಂಗಳ ಖರ್ಚನ್ನೂ ವಿಭಾಗ ಪತ್ರದಲ್ಲೇ ಬರೆದು ನೋಂದಾಯಿಸಲು ಮುಂದಾಗಿ. ಮಾತುಕತೆಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ನೆರವು ಪಡೆಯಬಹುದು. ಆದಾಯ ಎಷ್ಟೇ ಇರಲಿ ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ಸೇವೆ ಉಚಿತ. ವಾರಸು ಕೇಳುವ ಮಗಳಿಗೂ, ಮನೆ ಉಳಿಸಿಕೊಳ್ಳಬೇಕಾದ ತಾಯಿಗೂ. ಸಹಾಯವಾಣಿ 15100.