ಜಿಂಕೆ ಬೇಟೆಯ ಕೋವಿಗೆ ಎಂಥ ದೂರದರ್ಶಕ?

ದೂರದರ್ಶಕವೆಂದ ಕೂಡಲೆ ಚಂದ್ರನ ಮೇಲಿನ ಕುಳಿಗಳು, ಗುರುವಿನ ಉಪಗ್ರಹಗಳು, ಶನಿಯ ಬಳೆಗಳು ನಮ್ಮ ನೆನಪಿಗೆ ಬರುತ್ತವೆ. ಆದರೆ ಆಕಾಶದ ಕಡೆಗೆ ಎಂದೂ ಮುಖವೆತ್ತದ ದೂರದರ್ಶಕಗಳೂ ಉಂಟು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಶರತ್ಕಾಲ ಬಂದಿತೆಂದರೆ ಲಕ್ಷಾಂತರ ಮಂದಿ ಪರವಾನಗಿ ಪಡೆದು ಜಿಂಕೆಯ ಬೇಟೆಗೆ ಹೊರಡುತ್ತಾರೆ. ಅವರಲ್ಲಿ ಬಹುಮಂದಿಯ ರೈಫಲ್ಲಿನ ಮೇಲೆ ಸುಮಾರು ಒಂದಡಿ ಉದ್ದದ ಕೊಳವೆಯೊಂದು ಕುಳಿತಿರುತ್ತದೆ. ಅದೇ ಕೋವಿಯ ದೂರದರ್ಶಕ. ಬೇಟೆಗಾರರ ಮಾತಿನಲ್ಲಿ ‘ಸ್ಕೋಪ್’.

ಮೊದಲ ಬಾರಿ ಸ್ಕೋಪ್ ಕೊಳ್ಳಲು ಹೋದ ತರುಣನ ಮುಂದೆ ಅಂಗಡಿಯವನು ಹತ್ತಾರು ಕೊಳವೆಗಳನ್ನು ತಂದಿಡುತ್ತಾನೆ. ಒಂದರ ಮೇಲೆ 4×32 ಎಂದು ಬರೆದಿದೆ, ಇನ್ನೊಂದರ ಮೇಲೆ 3–9×40, ಮತ್ತೊಂದರ ಮೇಲೆ 6–24×50. ತರುಣನ ಕೈ ಸಹಜವಾಗಿಯೇ ದೊಡ್ಡ ಅಂಕಿಯ ಕಡೆಗೆ ಚಾಚುತ್ತದೆ. 24 ಪಟ್ಟು ಹಿಗ್ಗಿಸಿ ತೋರಿಸುವುದು 4 ಪಟ್ಟು ತೋರಿಸುವುದಕ್ಕಿಂತ ಮೇಲಲ್ಲವೆ? ಅಲ್ಲ ಎಂಬುದೇ ನಮ್ಮ ಉತ್ತರ. ಅದರ ಕಾರಣವನ್ನು ತಿಳಿಯಲು ಪ್ರೌಢಶಾಲೆಯ ಬೆಳಕಿನ ಪಾಠಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ.

ಈ ಆಯ್ಕೆ ಬರಿಯ ಹಣದ ಮಾತಲ್ಲ. ಆ ದೇಶದ ಬಿಳಿಬಾಲದ ಜಿಂಕೆಯ ಹೃದಯವೂ ಶ್ವಾಸಕೋಶಗಳೂ ಮುಂಗಾಲಿನ ಹಿಂಬದಿಯಲ್ಲಿ ಸುಮಾರು 8 ಅಂಗುಲ ವ್ಯಾಸದ ವೃತ್ತದಲ್ಲಿ ಅಡಕವಾಗಿವೆ. ಗುಂಡು ಅಲ್ಲಿ ನಾಟಿದರೆ ಪ್ರಾಣಿ ಸ್ವಲ್ಪ ಹೊತ್ತಿನಲ್ಲೇ ಪ್ರಾಣ ಬಿಡುತ್ತದೆ. ಒಂದೆರಡು ಗೇಣು ಹಿಂದೆ ಸರಿದು ಹೊಟ್ಟೆಗೆ ತಗುಲಿದರೆ ಅದು ಪೊದೆಗಳ ನಡುವೆ ನುಸುಳಿ, ಗಂಟೆಗಟ್ಟಲೆ ನರಳಿ, ಯಾರ ಕೈಗೂ ಸಿಗದೆ ಸಾಯುತ್ತದೆ. ಗುರಿಯನ್ನು ಸ್ಪಷ್ಟವಾಗಿ ಕಾಣದವನು ಗುಂಡು ಹಾರಿಸಲೇಬಾರದೆಂದು ಬಲ್ಲ ಬೇಟೆಗಾರರು ಕಿರಿಯರಿಗೆ ಹೇಳಿಕೊಡುವುದು ಇದಕ್ಕಾಗಿಯೇ.

ಕೊಳವೆಯೊಳಗೆ ಏನಿದೆ?

1611ರಲ್ಲಿ ಕೆಪ್ಲರ್ ವಿವರಿಸಿದ ದೂರದರ್ಶಕದಲ್ಲಿ ಎರಡು ಪೀನ ಮಸೂರಗಳಿವೆ. ಮುಂದಿನ ವಸ್ತುಮಸೂರವು ದೂರದ ದೃಶ್ಯದ ತಲೆಕೆಳಗಾದ ಪ್ರತಿಬಿಂಬವನ್ನು ಕೊಳವೆಯೊಳಗೆ ಮೂಡಿಸುತ್ತದೆ. ಹಿಂದಿನ ನೇತ್ರಮಸೂರವು ಆ ಪ್ರತಿಬಿಂಬವನ್ನು ಹಿಗ್ಗಿಸಿ ನಮ್ಮ ಕಣ್ಣಿಗೆ ಒಪ್ಪಿಸುತ್ತದೆ. ಗೆಲಿಲಿಯೊ ಬಳಸಿದ ದೂರದರ್ಶಕದೊಳಗೆ ಇಂಥ ನಿಜಪ್ರತಿಬಿಂಬ ಮೂಡುವುದಿಲ್ಲ. ಕೋವಿಯ ಮಟ್ಟಿಗೆ ಈ ವ್ಯತ್ಯಾಸವೇ ಮುಖ್ಯ. ಪ್ರತಿಬಿಂಬ ಬೀಳುವ ಸ್ಥಳದಲ್ಲಿ ಒಂದು ಎಳೆಯನ್ನು ಕಟ್ಟಿದರೆ, ಎಳೆಯೂ ದೃಶ್ಯವೂ ಏಕಕಾಲಕ್ಕೆ ಸ್ಫುಟವಾಗಿ ಕಾಣುತ್ತವೆ. ಇದನ್ನು ಕಂಡುಕೊಂಡವನು ಇಂಗ್ಲೆಂಡಿನ ತರುಣ ಖಗೋಳಜ್ಞ ವಿಲಿಯಂ ಗ್ಯಾಸ್ಕೋಯಿನ್. 1640ರ ಸುಮಾರಿನಲ್ಲಿ ಅವನ ದೂರದರ್ಶಕದೊಳಗೆ ಜೇಡವೊಂದು ಎಳೆದಿದ್ದ ನೂಲು ಅವನಿಗೆ ಈ ಉಪಾಯವನ್ನು ತೋರಿಸಿತಂತೆ. 1644ರಲ್ಲಿ ಅಂತರ್ಯುದ್ಧದ ಕಾಳಗವೊಂದರಲ್ಲಿ ಅವನು ಮಡಿದನು. ಜೇಡನ ನೂಲು ಮಾತ್ರ ಅಡ್ಡಗೆರೆಗಳಾಗಿ ಉಳಿದು ಬಂದಿದೆ. ತಲೆಕೆಳಗಾದ ಜಿಂಕೆಯನ್ನು ನೆಟ್ಟಗೆ ನಿಲ್ಲಿಸಲು ಸ್ಕೋಪಿನ ನಡುವೆ ಇನ್ನೂ ಕೆಲವು ಮಸೂರಗಳಿರುತ್ತವೆ.

ಸ್ಕೋಪಿನ ಮೊದಲ ಉಪಕಾರ ಹಿಗ್ಗಿಸುವುದಲ್ಲ, ಈ ಒಂದುಗೂಡಿಸುವಿಕೆ. ಸ್ಕೋಪಿಲ್ಲದ ಕೋವಿಯಲ್ಲಿ ಕಣ್ಣಿನ ಹತ್ತಿರದ ಕಚ್ಚು, ನಳಿಗೆಯ ತುದಿಯ ಮೊನೆ, ದೂರದ ಜಿಂಕೆ ಈ ಮೂರನ್ನೂ ಒಂದೇ ಗೆರೆಗೆ ತರಬೇಕು. ಮೂರೂ ಮೂರು ದೂರಗಳಲ್ಲಿರುವುದರಿಂದ ಕಣ್ಣಿಗೆ ಒಂದು ಸ್ಫುಟವಾದರೆ ಉಳಿದೆರಡು ಮಸುಕಾಗುತ್ತವೆ. ನಾಲ್ವತ್ತು ದಾಟಿದ ಕಣ್ಣಿಗಂತೂ ಇದು ದೊಡ್ಡ ಕಷ್ಟ.

ಬೆಳಕಿನ ಬಿಲ್ಲೆ

ಈಗ ಅಂಕಿಗಳ ವಿಚಾರ. 3–9×40 ಎಂದರೆ ವರ್ಧನೆಯನ್ನು 3 ಪಟ್ಟಿನಿಂದ 9 ಪಟ್ಟಿನವರೆಗೆ ಬದಲಾಯಿಸಬಹುದು, ವಸ್ತುಮಸೂರದ ವ್ಯಾಸ 40 ಮಿ.ಮೀ. ಎಂದರ್ಥ. ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿ ನೋಡೋಣ. 3 ಪಟ್ಟಿನಲ್ಲಿ 13.3, 6 ಪಟ್ಟಿನಲ್ಲಿ 6.7, 9 ಪಟ್ಟಿನಲ್ಲಿ 4.4 ಮಿ.ಮೀ. ಬರುತ್ತದೆ. ಇದು ಬರಿಯ ಗಣಿತವಲ್ಲ, ಕಣ್ಣಿಗೆ ಕಾಣುವ ವಸ್ತು. ಯಾವುದಾದರೂ ದುರ್ಬೀನನ್ನು ಹಗಲು ಬಯಲಿನ ಕಡೆಗೆ ಹಿಡಿದು, ಅದರ ಹಿಂದೆ ಒಂದು ಅಡಿ ದೂರದಿಂದ ನೇತ್ರಮಸೂರವನ್ನು ನೋಡಿರಿ. ಅಲ್ಲಿ ಚಿಕ್ಕದೊಂದು ಬೆಳಕಿನ ಬಿಲ್ಲೆ ತೇಲುತ್ತಿರುತ್ತದೆ. ಕೊಳವೆಯೊಳಗಿಂದ ಹೊರಬರುವ ಬೆಳಕೆಲ್ಲ ಆ ಬಿಲ್ಲೆಯ ಮೂಲಕವೇ ಹಾಯಬೇಕು. ಅದರ ವ್ಯಾಸವೇ ಈ ಭಾಗಲಬ್ಧ.

ಬಿಲ್ಲೆಯ ಎದುರಿಗೆ ನಮ್ಮ ಕಣ್ಣಿನ ಪಾಪೆ ಇದೆ. ನಡುಹಗಲಿನಲ್ಲಿ ಪಾಪೆ ಕುಗ್ಗಿ 2–3 ಮಿ.ಮೀ. ಆಗಿರುತ್ತದೆ; ಕತ್ತಲಾದಂತೆ ಅರಳಿ, ತರುಣರಲ್ಲಿ ಸುಮಾರು 7 ಮಿ.ಮೀ. ಆಗುತ್ತದೆ. ಹಗಲಿನಲ್ಲಿ 9 ಪಟ್ಟಿನ 4.4 ಮಿ.ಮೀ. ಬಿಲ್ಲೆಯೂ ಪಾಪೆಗೆ ಸಾಕಾಗಿ ಮಿಗುತ್ತದೆ. ಆದರೆ ಜಿಂಕೆ ಹೊರಬರುವುದು ನಡುಹಗಲಿನಲ್ಲಲ್ಲ, ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಅಲ್ಲಿಯ ಅನೇಕ ಸಂಸ್ಥಾನಗಳ ಕಾನೂನು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ಅನಂತರದವರೆಗೆ ಬೇಟೆಗೆ ಅವಕಾಶ ಕೊಟ್ಟಿದೆ. ಆ ಎರಡು ಅರ್ಧ ಗಂಟೆಗಳಲ್ಲಿಯೇ ಸ್ಕೋಪಿನ ನಿಜವಾದ ಪರೀಕ್ಷೆ.

ಲೆಕ್ಕ ಮಾಡೋಣ. 40 ಮಿ.ಮೀ. ಮಸೂರವು 7 ಮಿ.ಮೀ. ಪಾಪೆಗಿಂತ ಸುಮಾರು 33 ಪಟ್ಟು ಬೆಳಕನ್ನು ಕೂಡಿಹಾಕುತ್ತದೆ. 6 ಪಟ್ಟು ಹಿಗ್ಗಿಸಿದಾಗ ಪ್ರತಿಬಿಂಬದ ಉದ್ದ ಅಗಲ ಎರಡೂ 6 ಪಟ್ಟಾಗಿ, ಅದೇ ಬೆಳಕು 36 ಪಟ್ಟು ಕ್ಷೇತ್ರದ ಮೇಲೆ ಹರಡಬೇಕಾಗುತ್ತದೆ. ಆದ್ದರಿಂದ ಪ್ರತಿಬಿಂಬದ ಪ್ರಕಾಶ ಬರಿಗಣ್ಣಿಗೆ ಕಾಣುವುದರ 33/36, ಎಂದರೆ ನೂರಕ್ಕೆ ಸುಮಾರು 90 ಪಾಲು. 9 ಪಟ್ಟಿಗೆ ಏರಿಸಿದರೆ ಕ್ಷೇತ್ರ 81 ಪಟ್ಟು. ಪ್ರಕಾಶ ನೂರಕ್ಕೆ 40ಕ್ಕೆ ಇಳಿಯುತ್ತದೆ. ಹಾಗಾದರೆ 3 ಪಟ್ಟಿಗೆ ಇಳಿಸಿದಾಗ ಪ್ರಕಾಶ 33/9, ಬರಿಗಣ್ಣಿಗಿಂತ ಮೂರು ಪಟ್ಟಿಗೂ ಮಿಕ್ಕಿ ಆಗಬೇಕಲ್ಲವೆ? ಆಗುವುದಿಲ್ಲ. 13.3 ಮಿ.ಮೀ. ಬಿಲ್ಲೆಯಲ್ಲಿ 7 ಮಿ.ಮೀ.ನಷ್ಟನ್ನು ಮಾತ್ರ ಪಾಪೆ ಒಳಗೆ ಬಿಟ್ಟುಕೊಂಡು ಉಳಿದುದನ್ನು ಹೊರಗೇ ನಿಲ್ಲಿಸುತ್ತದೆ. ಲೆಕ್ಕ ಸರಿಯಾಗಿ ಒಂದಕ್ಕೇ ಬಂದು ನಿಲ್ಲುತ್ತದೆ. ಜಿಂಕೆ, ಮರ, ಬೆಟ್ಟಗಳಂಥ ಹರವುಳ್ಳ ವಸ್ತುವನ್ನು ಯಾವ ದೂರದರ್ಶಕವೂ ಬರಿಗಣ್ಣಿಗೆ ಕಾಣುವುದಕ್ಕಿಂತ ಹೆಚ್ಚು ಪ್ರಕಾಶಮಾನವಾಗಿ ತೋರಿಸಲಾರದು. ಈ ಮಾತನ್ನು ಕೇಳಿದ ಅನುಭವಿಗಳೂ ಒಮ್ಮೆ ಹುಬ್ಬೇರಿಸುತ್ತಾರೆ. ಮುಸ್ಸಂಜೆಯಲ್ಲಿ ಸ್ಕೋಪಿನೊಳಗೆ ‘ಬೆಳಕು ಹೆಚ್ಚಿದಂತೆ’ ಕಾಣುವುದು, ಅಷ್ಟೇ ಪ್ರಕಾಶದಲ್ಲಿ ದೊಡ್ಡ ಜಿಂಕೆ ಕಾಣುವುದರಿಂದ.

ದೊಡ್ಡ ಪ್ರತಿಬಿಂಬಕ್ಕೂ ತನ್ನದೇ ಪ್ರಯೋಜನವಿರುವುದರಿಂದ ತೀರ 3 ಪಟ್ಟಿಗೆ ಇಳಿಯಬೇಕಾಗಿಲ್ಲ. 40 ಮಿ.ಮೀ. ಸ್ಕೋಪನ್ನು ಸಂಜೆ 6 ಪಟ್ಟಿನ ಆಸುಪಾಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯ ರಾಜಿ. ವಯಸ್ಸಾದಂತೆ ಪಾಪೆ ಮೊದಲಿನಷ್ಟು ಅರಳುವುದಿಲ್ಲ. ಐವತ್ತರ ಮೇಲೆ ಹಲವರಲ್ಲಿ ಅದು 5 ಮಿ.ಮೀ. ಸುತ್ತಮುತ್ತ ನಿಲ್ಲುತ್ತದೆ. ಅಂಥವರು 8 ಪಟ್ಟು ಹಿಗ್ಗಿಸಿದರೂ ಬೆಳಕಿನಲ್ಲಿ ನಷ್ಟ ಹೊಂದುವುದಿಲ್ಲ. ಒಂದೇ ಸ್ಕೋಪು ಅಜ್ಜನಿಗೊಂದು ಬಗೆ, ಮೊಮ್ಮಗನಿಗೊಂದು ಬಗೆ!

ಜರ್ಮನಿ, ಆಸ್ಟ್ರಿಯಗಳಲ್ಲಿ ಅಟ್ಟಣೆಯ ಮೇಲೆ ಕುಳಿತು ಇರುಳಿನಲ್ಲಿ ಕಾಡುಹಂದಿಗೆ ಕಾಯುವವರು 8×56 ಸ್ಕೋಪನ್ನು ಮೆಚ್ಚುತ್ತಾರೆ. 56ನ್ನು 8ರಿಂದ ಭಾಗಿಸಿದರೆ 7 ಎಂಬುದನ್ನು ಓದುಗರು ಈಗಾಗಲೇ ಗಮನಿಸಿರಬೇಕು. ಹಾಗೆಂದು ಎಲ್ಲರೂ 56 ಮಿ.ಮೀ. ಮಸೂರವನ್ನು ಹೊತ್ತು ತಿರುಗಬೇಕಾಗಿಲ್ಲ. ಅದು ಭಾರ, ನಳಿಗೆಗೆ ತಗುಲದಂತೆ ಎತ್ತರಿಸಿ ಕೂರಿಸಿದರೆ ಬೇಟೆಗಾರನ ಕೆನ್ನೆ ಕೋವಿಯ ಮರದ ಮೇಲೆ ಒರಗುವುದಿಲ್ಲ, ಕಣ್ಣು ಸ್ಥಿರವಾಗಿ ನಿಲ್ಲುವುದಿಲ್ಲ.

ಬೆಳಕು ದಾರಿಯಲ್ಲಿಯೂ ಸೋರುತ್ತದೆ. ಗಾಜಿನ ಪ್ರತಿಯೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 4ರಷ್ಟನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಐದು ಮಸೂರಗಳಿಗೆ ಹತ್ತು ಮೈಗಳು, 0.96ನ್ನು ಹತ್ತು ಬಾರಿ ಗುಣಿಸಿದರೆ ಉಳಿಯುವುದು ಮೂರರಲ್ಲಿ ಎರಡು ಪಾಲು. 1892ರಲ್ಲಿ ಇಂಗ್ಲೆಂಡಿನ ಡೆನ್ನಿಸ್ ಟೇಲರ್ ಎಂಬಾತ ಒಂದು ವಿಚಿತ್ರವನ್ನು ಕಂಡನು: ಹಳತಾಗಿ ಬಣ್ಣಗೆಟ್ಟ ಮಸೂರಗಳು ಹೊಸವಕ್ಕಿಂತ ಹೆಚ್ಚು ಬೆಳಕನ್ನು ಬಿಡುತ್ತಿದ್ದುವು! ಮೇಲ್ಮೈಯ ತೆಳು ಪೊರೆಯೇ ಇದಕ್ಕೆ ಕಾರಣ. ಅಂಥ ಪೊರೆಯನ್ನು ನಿರ್ವಾತದಲ್ಲಿ ಬೇಕೆಂದೇ ಲೇಪಿಸುವ ವಿಧಾನವನ್ನು ಜರ್ಮನಿಯ ಜೈಸ್ ಕಾರ್ಖಾನೆಯಲ್ಲಿ ಅಲೆಕ್ಸಾಂಡರ್ ಸ್ಮಾಕುಲ 1935ರಲ್ಲಿ ರೂಪಿಸಿದನು. ಇಂದು ಹಲವು ಪದರಗಳ ಲೇಪದಿಂದ ಒಂದೊಂದು ಮೈಯ ನಷ್ಟ ನೂರಕ್ಕೆ ಅರ್ಧಕ್ಕೂ ಇಳಿದಿದೆ. ಹತ್ತು ಮೈ ದಾಟಿದರೂ ನೂರಕ್ಕೆ 95 ಪಾಲು ಉಳಿಯುತ್ತದೆ. ಆದ್ದರಿಂದ ಲೇಪವಿಲ್ಲದ ದೊಡ್ಡ ಮಸೂರಕ್ಕಿಂತ ಒಳ್ಳೆಯ ಲೇಪದ ಸಾಧಾರಣ ಮಸೂರವೇ ಮೇಲು. ಕೊಳವೆಯ ದಪ್ಪ ಒಂದು ಅಂಗುಲದ ಬದಲು 30 ಮಿ.ಮೀ. ಇದ್ದರೆ ಬೆಳಕು ಹೆಚ್ಚುತ್ತದೆಂದು ಹೇಳುವವರ ಮಾತನ್ನು ನಂಬಬೇಕಾಗಿಲ್ಲ. ದಪ್ಪ ಕೊಳವೆಯಲ್ಲಿ ಗುರಿಗೆರೆಗಳನ್ನು ಸರಿಸಲು ಹೆಚ್ಚು ಎಡೆ ಸಿಗುತ್ತದೆ, ಅಷ್ಟೆ.

ಕಾಡು, ಬಯಲು ಮತ್ತು ಹುಬ್ಬು

ವರ್ಧನೆ ಏರಿದಂತೆ ದೃಷ್ಟಿಕ್ಷೇತ್ರ ಕಿರಿದಾಗುತ್ತದೆ. ಸಾಮಾನ್ಯವಾದ 3–9×40 ಸ್ಕೋಪಿನಲ್ಲಿ 100 ಗಜ ದೂರದಲ್ಲಿ 3 ಪಟ್ಟಿಗೆ ಸುಮಾರು 33 ಅಡಿ ಅಗಲ ಕಂಡರೆ, 9 ಪಟ್ಟಿಗೆ ಸುಮಾರು 12 ಅಡಿ ಮಾತ್ರ. ಪೆನ್ಸಿಲ್ವೇನಿಯದ ದಟ್ಟ ಕಾಡಿನಲ್ಲಿ ಜಿಂಕೆ 25 ಗಜದಲ್ಲೇ ಎದ್ದು ನಿಲ್ಲಬಹುದು. ಆಗ 12 ಅಡಿ ಮೂರೇ ಅಡಿಯಾಗುತ್ತದೆ. ಸ್ಕೋಪಿನ ತುಂಬ ಕಂದು ಕೂದಲು, ಯಾವುದು ಭುಜ, ಯಾವುದು ತೊಡೆ ಎಂಬುದೇ ತಿಳಿಯದು. ಅಂಥ ಕಾಡಿಗೆ 4×32 ಸಾಕು. ವೈಯೋಮಿಂಗಿನ ಬಯಲಿನಲ್ಲಿ 200–300 ಗಜ ದೂರ ನೋಡಬೇಕಾದವನಿಗೆ 9 ಪಟ್ಟಿನ ಉಪಯೋಗವುಂಟು. 24 ಪಟ್ಟು ಮೇಜಿನ ಮೇಲೆ ಕೋವಿಯನ್ನೊರಗಿಸಿ ಕಾಗದದ ಗುರಿಗೆ ಹೊಡೆಯುವವನಿಗೆ ಸರಿ. ಸ್ಕೋಪು ಜಿಂಕೆಯನ್ನಷ್ಟೇ ಅಲ್ಲದೆ ಕೈಯ ನಡುಕವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಬೆಟ್ಟ ಹತ್ತಿ ಏದುಸಿರು ಬಿಡುತ್ತಿರುವವನ ಗುರಿಗೆರೆ ಎದೆಬಡಿತಕ್ಕೆ ತಕ್ಕಂತೆ ಕುಣಿಯುತ್ತದೆ.

ಬೆಳಕಿನ ಬಿಲ್ಲೆ ನೇತ್ರಮಸೂರದಿಂದ ಎಷ್ಟು ಹಿಂದೆ ತೇಲುತ್ತದೆಂಬುದನ್ನೂ ನೋಡಬೇಕು. ಸೂಕ್ಷ್ಮದರ್ಶಕದಲ್ಲಿ ಕಣ್ಣನ್ನು ಮಸೂರಕ್ಕೆ ಬಹುಮಟ್ಟಿಗೆ ತಾಗಿಸಿಯೇ ನೋಡುತ್ತೇವೆ. ಕೋವಿಯಲ್ಲಿ ಹಾಗೆ ಮಾಡಿದವನ ಹುಬ್ಬಿನ ಮೇಲೆ ಸ್ಕೋಪಿನ ಅಂಚು ಅರ್ಧಚಂದ್ರಾಕಾರದ ಗಾಯವನ್ನು ಬರೆದೇ ಬಿಡುತ್ತದೆ. ಗುಂಡು ಮುಂದಕ್ಕೆ ಹೋದಂತೆ ಕೋವಿ ಹಿಂದಕ್ಕೆ ಒದೆಯುವುದು ನ್ಯೂಟನ್ನನ ಮೂರನೆಯ ನಿಯಮ. ಆದ್ದರಿಂದ ಬಿಲ್ಲೆ ಮೂರೂವರೆ ಅಂಗುಲದಷ್ಟಾದರೂ ಹಿಂದೆ ಇರುವ ಸ್ಕೋಪನ್ನೇ ಆರಿಸಬೇಕು.

ಪ್ಯಾರಲಾಕ್ಸಿನ ಬಗ್ಗೆ ಮಾರಾಟಗಾರರು ಅಂಜಿಸುವುದುಂಟು. ಕಣ್ಣು ಅತ್ತಿತ್ತ ಸರಿದಾಗ ಗುರಿಗೆರೆಯೂ ಗುರಿಯ ಮೇಲೆ ಸರಿದಂತೆ ಕಾಣುವುದೇ ಈ ದೋಷ. ಬೇಟೆಯ ಸ್ಕೋಪುಗಳನ್ನು ಸಾಮಾನ್ಯವಾಗಿ 100 ಗಜದಲ್ಲಿ ಅದು ಶೂನ್ಯವಾಗುವಂತೆ ಜೋಡಿಸಿರುತ್ತಾರೆ. 200 ಗಜದಲ್ಲಿ, ಕಣ್ಣು ಬಿಲ್ಲೆಯ ಅಂಚಿಗೇ ಸರಿದಿದ್ದರೂ, ತಪ್ಪು ಮಸೂರದ ತ್ರಿಜ್ಯವನ್ನು ಮೀರದು, 40 ಮಿ.ಮೀ. ಮಸೂರಕ್ಕೆ 20 ಮಿ.ಮೀ., ಒಂದು ಅಂಗುಲಕ್ಕೂ ಕಡಮೆ. 8 ಅಂಗುಲದ ವೃತ್ತದ ಮುಂದೆ ಇದನ್ನು ಅಲಕ್ಷಿಸಬಹುದು.

ಆದರೆ ಕೊಳವೆಯೊಳಗಿನ ತೇವವನ್ನು ಅಲಕ್ಷಿಸುವಂತಿಲ್ಲ. ಚಳಿಯಲ್ಲಿ ಒಳಗಿನ ಗಾಳಿಯ ತೇವ ಗಾಜಿನ ಮೇಲೆ ಮಂಜಾಗಿ ಕೂತರೆ ಮಿಕ್ಕ ಗುಣಗಳೆಲ್ಲ ವ್ಯರ್ಥ. ಆರೆಗನ್ನಿನ ಮಾರ್ಕಸ್ ಲ್ಯುಪೋಲ್ಡ್ ಎಂಬವರು ಹೀಗೆ ಜಿಂಕೆಯೊಂದನ್ನು ಕಳೆದುಕೊಂಡು, ಇದಕ್ಕಿಂತ ಒಳ್ಳೆಯ ಸ್ಕೋಪನ್ನು ತಾವೇ ಮಾಡುವುದಾಗಿ ಹೊರಟರೆಂದು ಅವರ ಸಂಸ್ಥೆ ಹೇಳುತ್ತ ಬಂದಿದೆ. 1940ರ ದಶಕದ ಕೊನೆಯಲ್ಲಿ ಅವರು ಕೊಳವೆಯ ಗಾಳಿಯನ್ನು ಹೊರದೂಡಿ ಒಣ ನೈಟ್ರೋಜನ್ ತುಂಬಿ ಮುಚ್ಚುವ ಕ್ರಮವನ್ನು ಅನುಸರಿಸಿದರು. ಈಗ ಒಳ್ಳೆಯ ಸ್ಕೋಪುಗಳೆಲ್ಲ ಇದೇ ಬಗೆಯವು, ಇಲ್ಲವೆ ಆರ್ಗಾನ್ ತುಂಬಿದವು.

ಸ್ಕೋಪಿನಿಂದ ಮಾಡಬಾರದ ಒಂದು ಕೆಲಸವಿದೆ: ಪೊದೆಯಲ್ಲಿ ಅಲುಗಿದುದು ಏನೆಂದು ನೋಡುವುದು. ಸ್ಕೋಪು ಎತ್ತ ನೋಡುವುದೋ ನಳಿಗೆಯೂ ಅತ್ತಲೇ ನೋಡುತ್ತದೆ. ಅಲುಗಿದುದು ಇನ್ನೊಬ್ಬ ಬೇಟೆಗಾರನಾಗಿದ್ದರೆ, ಅವನು ಗುರುತಾಗುವ ಹೊತ್ತಿಗೆ ತುಂಬಿದ ಕೋವಿ ಅವನ ಎದೆಗೆ ನೆಟ್ಟಿರುತ್ತದೆ. ಅಲ್ಲಿಯ ಅನೇಕ ಸಂಸ್ಥಾನಗಳಲ್ಲಿ ಬೇಟೆಗಾರರು ಹೊಳೆಯುವ ಕಿತ್ತಳೆ ಬಣ್ಣದ ಉಡುಪು ತೊಡಬೇಕೆಂಬ ನಿಯಮವಿದೆ. ಆ ಬಣ್ಣ ಮನುಷ್ಯನ ಕಣ್ಣಿಗೆ ರಾಚುತ್ತದೆ, ಜಿಂಕೆಯ ಕಣ್ಣಿಗೆ ಮಂಕಾಗಿಯೇ ತೋರುತ್ತದೆ. ಆದರೂ ಹುಡುಕುವ ಕೆಲಸಕ್ಕೆ ಕೊರಳಲ್ಲಿ ದುರ್ಬೀನು ಬೇರೆಯೇ ಇರಬೇಕು. ಹಣ ಸಾಲದಿದ್ದರೆ ಸ್ಕೋಪಿನಲ್ಲಿ ಉಳಿಸಿ ದುರ್ಬೀನಿಗೆ ಹಾಕುವುದು ಲೇಸೆಂದು ನಮ್ಮ ಅಭಿಪ್ರಾಯ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಜಿಂಕೆಯ ಬೇಟೆ ನಿಷಿದ್ಧ. ನಮ್ಮ ಓದುಗರಿಗೆ ಬೇಕಾದುದು ದುರ್ಬೀನೇ. ಅದರ ಮೇಲಿನ ಅಂಕಿಗಳೂ ಇದೇ ಲೆಕ್ಕದವು. ಜೇಬಿನಲ್ಲಿ ಹಿಡಿಯುವ 10×25 ದುರ್ಬೀನಿನ ಬಿಲ್ಲೆ 2.5 ಮಿ.ಮೀ.; 8×40ರದು 5 ಮಿ.ಮೀ. ಬಂಡೀಪುರದ ಕಾಡಂಚಿನಲ್ಲಿ ಸಂಜೆ ಚುಕ್ಕೆಜಿಂಕೆಯ ಹಿಂಡು ಬಯಲಿಗಿಳಿದಾಗ ಎರಡನ್ನೂ ಒಂದಾದ ಮೇಲೊಂದರಂತೆ ಹಿಡಿದು, ಯಾವುದರಲ್ಲಿ ಚುಕ್ಕೆಗಳು ಎಷ್ಟು ಹೊತ್ತಿನವರೆಗೆ ಕಾಣುತ್ತವೆಂದು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿರಿ.